ನಗರ ತಣ್ಣಗಿರಲಿ, ನೀರು ತನ್ನ ದಾರಿಯಲ್ಲಿ ಹೋಗಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹವಾಮಾನ ಬದಲಾವಣೆಗೆ ನಗರಗಳು ಹೇಗೆ ಅಣಿಯಾಗಬೇಕು ಎಂಬ ಚರ್ಚೆ ನಡೆದಲ್ಲೆಲ್ಲ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇವೆ. ಸುಲಭದ ಪ್ರಶ್ನೆಗಳು ಮೊದಲು ಬರುತ್ತವೆ, ಯೋಜನೆ ಮಾಡುವವರಿಗೆ ಬೇಕಾದವು ಕೊನೆಯಲ್ಲಿವೆ. ಒಂದೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲು ತಿಳಿದಿರಬೇಕಾದದ್ದು

ಹಳ್ಳಿಗಿಂತ ನಗರ ಯಾಕೆ ಇಷ್ಟು ಬಿಸಿ? ವಾಹನದ ಹೊಗೆಯಿಂದಲಾ?

ಹೊಗೆಯ ಪಾಲು ಸಣ್ಣದು. ಮುಖ್ಯ ಕಾರಣ ನೆಲ. ಮಣ್ಣು ಮತ್ತು ಗಿಡಗಳಿರುವ ಕಡೆ ಬಿಸಿಲಿನ ಶಕ್ತಿಯ ಬಹುಪಾಲು ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ಡಾಂಬರು, ಕಾಂಕ್ರೀಟಿನಲ್ಲಿ ಆವಿಯಾಗಲು ನೀರೇ ಇರುವುದಿಲ್ಲ, ಹಾಗಾಗಿ ಶಕ್ತಿಯ ಬಹುಪಾಲು ಬಿಸಿಯಾಗಿ ಒಳಗೆ ಸೇರುತ್ತದೆ. ಹೊಸ ಡಾಂಬರು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು 5 ಶೇಕಡಾವನ್ನಷ್ಟೇ ಹಿಂದಕ್ಕೆ ಕಳಿಸುತ್ತದೆ. ಹಗಲು ಕುಡಿದ ಈ ಬಿಸಿಯನ್ನು ಗೋಡೆ, ರಸ್ತೆಗಳು ರಾತ್ರಿಯಿಡೀ ಬಿಡುತ್ತವೆ. ಎತ್ತರದ ಕಟ್ಟಡಗಳ ನಡುವಿನ ಇಕ್ಕಟ್ಟಾದ ಬೀದಿಯಲ್ಲಿ ಆ ಬಿಸಿಗೆ ಆಕಾಶ ಕಾಣಿಸುವುದೇ ಇಲ್ಲ. ಒಂದು ಗೋಡೆಯಿಂದ ಇನ್ನೊಂದಕ್ಕೆ ಬಡಿದುಕೊಂಡೇ ಇರುತ್ತದೆ. ನಗರಕ್ಕೂ ಹೊರವಲಯಕ್ಕೂ ಹೆಚ್ಚಿನ ವ್ಯತ್ಯಾಸ ಮಧ್ಯಾಹ್ನಕ್ಕಿಂತ ಸೂರ್ಯ ಮುಳುಗಿದ ಮೇಲೆ ಕಾಣುವುದು ಇದರಿಂದಲೇ.

ಒಂದೆರಡು ಡಿಗ್ರಿ ತಾನೇ ಏರೋದು? ಅಷ್ಟಕ್ಕೆ ಮಳೆಗೆ ಏನಾಗುತ್ತೆ?

ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ವರ್ಷದ ಒಟ್ಟು ಮಳೆ ಹೆಚ್ಚು ಬದಲಾಗದಿದ್ದರೂ ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. ನಡುವೆ ಒಣ ದಿನಗಳು ಉದ್ದವಾಗುತ್ತವೆ. ನಗರವನ್ನು ಮುಳುಗಿಸುವುದು ವರ್ಷದ ಸರಾಸರಿ ಅಲ್ಲ, ಆ ಒಂದು ಗಂಟೆ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆಯಾಯಿತು. ಅಂಥ ದಿನಕ್ಕೆ ಯಾವ ಮೋರಿಯೂ ಸಾಲದು.

"ನೂರು ವರ್ಷಕ್ಕೊಮ್ಮೆ ಬರುವ ಮಳೆ" ಹೋದ ವರ್ಷವೂ ಬಂತು, ಈ ವರ್ಷವೂ ಬಂತು. ಲೆಕ್ಕವೇ ತಪ್ಪಲ್ವಾ?

ಹೆಸರು ದಾರಿ ತಪ್ಪಿಸುತ್ತದೆ. ಯಾವುದೇ ಒಂದು ವರ್ಷದಲ್ಲಿ ಅಂಥ ಮಳೆ ಬರುವ ಸಾಧ್ಯತೆ 1 ಶೇಕಡಾ ಎಂದಷ್ಟೇ ಅದರ ಅರ್ಥ. 30 ವರ್ಷದ ಅವಧಿಯಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು 26 ಶೇಕಡಾ, 50 ವರ್ಷಕ್ಕೆ ಸುಮಾರು 39. ಇದು ಹಳೆಯ ಮಳೆ ದಾಖಲೆ ಮುಂದೆಯೂ ಹಾಗೇ ಇರುತ್ತದೆ ಎಂದು ನಂಬಿ ಮಾಡಿದ ಲೆಕ್ಕ. ಆ ನಂಬಿಕೆ ಈಗ ಸಡಿಲವಾಗಿದೆ. ನಿಮ್ಮ ಚರಂಡಿಯ ವಿನ್ಯಾಸಕ್ಕೆ ಯಾವ ವರ್ಷದವರೆಗಿನ ಮಳೆ ಅಂಕಿ ಬಳಸಿದ್ದಾರೆ ಎಂದು ಕೇಳಿ ನೋಡಿ.

ಇಂಗಾಲ ತಗ್ಗಿಸೋದು ಮೊದಲೋ, ಹೊಂದಿಕೊಳ್ಳೋದು ಮೊದಲೋ?

ಎರಡೂ ಒಟ್ಟಿಗೆ ಆಗಬೇಕು. ಆಯ್ಕೆ ಮಾಡಲೇಬೇಕಾದಾಗ ಎರಡಕ್ಕೂ ನೆರವಾಗುವ ಕೆಲಸಕ್ಕೆ ಮೊದಲ ಜಾಗ ಕೊಡಿ: ನೆರಳಿರುವ ಫುಟ್‌ಪಾತ್, ಒಳಗೆ ಬಿಸಿ ಸೇರದ ಮನೆ, ಸಮಯಕ್ಕೆ ಬರುವ ಬಸ್ಸು.

## ಬಿಸಿಲು, ನೆರಳು

ಒಂದು ಮರ ನೆಟ್ಟರೆ ಎಷ್ಟು ಡಿಗ್ರಿ ತಣ್ಣಗಾಗುತ್ತೆ?

ಥರ್ಮಾಮೀಟರಿನ ಲೆಕ್ಕದಲ್ಲಿ ಮರದಡಿಯ ಗಾಳಿ ಒಂದೆರಡು ಡಿಗ್ರಿ ತಣ್ಣಗಿರಬಹುದು, ಹೆಚ್ಚೇನಿಲ್ಲ. ಆದರೆ ಮೈಗೆ ತಾಗುವುದು ಗಾಳಿಯ ಬಿಸಿ ಮಾತ್ರವಲ್ಲ. ಮೇಲಿನಿಂದ ಬಿಸಿಲು, ಕಾದ ನೆಲದಿಂದ ಝಳ, ಗೋಡೆಯಿಂದ ಮರಳುವ ಕಾವು ಎಲ್ಲ ಸೇರಿ ಬಡಿಯುತ್ತವೆ. ಒಳ್ಳೆಯ ನೆರಳು ಇವನ್ನೆಲ್ಲ ಒಟ್ಟಿಗೆ ತಡೆಯುವುದರಿಂದ ಮೈಗೆ ಸಿಗುವ ಹಿತ ಥರ್ಮಾಮೀಟರ್ ಹೇಳುವುದಕ್ಕಿಂತ ಎಷ್ಟೋ ಹೆಚ್ಚು. ಅದಕ್ಕೇ ಮರ ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎನ್ನುವುದು ಮುಖ್ಯ. ಊರಾಚೆಯ ಗುಡ್ಡದಲ್ಲಿ ಸಾವಿರ ಸಸಿ ನೆಡುವುದಕ್ಕಿಂತ ಬಸ್ ನಿಲ್ದಾಣ, ಶಾಲೆಯ ದಾರಿ, ಬೀದಿಬದಿ ವ್ಯಾಪಾರದ ಸಾಲು, ಆಸ್ಪತ್ರೆ ಬಾಗಿಲಿನ ಮುಂದೆ ನೂರು ಮರ ಬೆಳೆಸುವುದು ನಮ್ಮ ಪ್ರಕಾರ ದೊಡ್ಡ ಕೆಲಸ. ಕೊಲಂಬಿಯಾದ ಮೆಡೆಲಿನ್ ನಗರ ರಸ್ತೆ ಮತ್ತು ಹಳ್ಳಗಳ ಗುಂಟ 30 ಹಸಿರು ದಾರಿಗಳನ್ನು ಬೆಳೆಸಿದ್ದು ಇದೇ ದಾರಿಯಲ್ಲಿ ಯೋಚಿಸಿ.

ವರ್ಷವರ್ಷ ಸಸಿ ನೆಡ್ತಾರೆ, ಮೂರು ವರ್ಷಕ್ಕೆ ಒಣಗುತ್ತೆ. ಯಾಕೆ?

ಒಣಗಿದ ಸಸಿಯ ಬುಡವನ್ನು ಒಮ್ಮೆ ಬಗ್ಗಿ ನೋಡಿ. ಎರಡಡಿ ಚೌಕದ ಗುಂಡಿ, ಸುತ್ತ ಕಾಂಕ್ರೀಟು. ಒಳಗೆ ಮಣ್ಣಿಗಿಂತ ಕಟ್ಟಡದ ಚೂರೇ ಜಾಸ್ತಿ. ಕಾಂಡಕ್ಕೆ ಕಟ್ಟಿದ ತಂತಿ ಬಿಚ್ಚುವವರಿಲ್ಲದೆ ತೊಗಟೆಯೊಳಗೆ ಹೂತುಹೋಗಿರುತ್ತದೆ. ಕಾಂಡ ಅಗಲವಾಗಿ ಬೇರಾಗುವ ಜಾಗ ನೆಲದ ಮೇಲೆ ಕಾಣಬೇಕು, ಅದು ಅರ್ಧ ಅಡಿ ಕೆಳಗೆ ಮುಚ್ಚಿಹೋಗಿರುತ್ತದೆ. ಸಸಿ ಸಾಯಲು ಇವುಗಳಲ್ಲಿ ಒಂದೇ ಸಾಕು.

ಎಲ್ಲಕ್ಕಿಂತ ದೊಡ್ಡ ಕೊರತೆ ಮಣ್ಣಿನದು. ಬೆಳೆದ ಮರದ ನೆರಳು ಎಷ್ಟು ಚದರ ಮೀಟರ್ ಹರಡಬೇಕೆಂದು ಬಯಸುತ್ತೀರೋ, ಪ್ರತಿ ಚದರ ಮೀಟರಿಗೆ 0.3ರಿಂದ 0.6 ಘನ ಮೀಟರ್ ಸಡಿಲ ಮಣ್ಣು ಬೇಕು. 60 ಚದರ ಮೀಟರ್ ನೆರಳಿಗೆ 18ರಿಂದ 36 ಘನ ಮೀಟರ್. ಎರಡಡಿ ಚೌಕದ ಗುಂಡಿಯಲ್ಲಿ ಕಾಲು ಘನ ಮೀಟರೂ ಇರುವುದಿಲ್ಲ. ಫುಟ್‌ಪಾತಿನ ಕೆಳಗಿನ ಮಣ್ಣನ್ನು ರೋಲರ್ ಹೊಡೆದು ಗಟ್ಟಿ ಮಾಡಿರುವುದರಿಂದ ಬೇರು ಅದರೊಳಕ್ಕೆ ನುಗ್ಗಲಾರದು. ಕೊನೆಗೆ ಹಾಸುಗಲ್ಲನ್ನೇ ಎತ್ತುತ್ತದೆ, ಆಗ ಮರದ ಮೇಲೆ ದೂರು ಹೋಗುತ್ತದೆ. ಪರಿಹಾರ ಇಷ್ಟು: ಬಿಡಿ ಗುಂಡಿಗಳ ಬದಲು ಮರದಿಂದ ಮರಕ್ಕೆ ಸಾಗುವ ಉದ್ದನೆಯ ಕಂದಕ ತೋಡಿ. ಫುಟ್‌ಪಾತ್ ಅದರ ಮೇಲೇ ಹೋಗಬೇಕಾದರೆ ದಪ್ಪ ಜಲ್ಲಿಯ ಸಂದುಗಳಲ್ಲಿ ಮಣ್ಣು ತುಂಬಿದ ಮಿಶ್ರಣ ಹಾಕಿ; ಭಾರವನ್ನು ಜಲ್ಲಿ ಹೊರುತ್ತದೆ, ಬೇರು ಸಂದಿನಲ್ಲಿ ಸಾಗುತ್ತದೆ.

ಮೊದಲ ಎರಡು ಬೇಸಿಗೆ ವಾರಕ್ಕೆ ಒಂದೆರಡು ಸಲ, ಪ್ರತಿ ಸಲ ಸುಮಾರು 40 ಲೀಟರ್ ನೀರು ನಿಧಾನವಾಗಿ ಇಂಗಬೇಕು. ಬುಡದ ಸುತ್ತ 5ರಿಂದ 8 ಸೆಂ.ಮೀ. ತರಗೆಲೆಯ ಹೊದಿಕೆ ಇರಲಿ, ಕಾಂಡಕ್ಕೆ ಮಾತ್ರ ತಾಗಬಾರದು. ಊರಿನ ಒಟ್ಟು ಮರಗಳಲ್ಲಿ ಒಂದೇ ಜಾತಿಯವು 10 ಶೇಕಡಾ ಮೀರದಿರಲಿ. ಇಲ್ಲದಿದ್ದರೆ ಒಂದು ರೋಗ ಬಂದಾಗ ಬೀದಿಗೆ ಬೀದಿಯೇ ಬೋಳಾಗುತ್ತದೆ. ಟೆಂಡರಿನಲ್ಲಿ ಸಸಿ ನೆಟ್ಟದ್ದಕ್ಕೆ ಪೂರ್ತಿ ಹಣ ಕೊಡಬೇಡಿ, ಮೂರನೆಯ ವರ್ಷ ಬದುಕಿರುವ ಮರಗಳನ್ನು ಎಣಿಸಿ ಉಳಿದ ಕಂತು ಕೊಡಿ.

ತಾರಸಿಗೂ ರಸ್ತೆಗೂ ಬಿಳಿ ಬಣ್ಣ ಬಳಿದರೆ ಆಯ್ತಲ್ಲ?

ತಾರಸಿಗೆ ಖಂಡಿತ ಬಳಿಯಿರಿ. ಕಪ್ಪು ತಾರಸಿ ಮಧ್ಯಾಹ್ನ 65 ಡಿಗ್ರಿ ದಾಟಬಹುದು. ಬಿಳಿ ಲೇಪನ ಹೊಸದರಲ್ಲಿ ಸುಮಾರು 80 ಶೇಕಡಾ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಧೂಳು ಕೂತ ಮೇಲೆ ಅದು 60ರ ಆಸುಪಾಸಿಗೆ ಇಳಿಯುತ್ತದೆ, ಹಾಗಾಗಿ ತೊಳೆಯುವುದನ್ನು ಬಿಡಬೇಡಿ. ಮೇಲಿನ ಮಹಡಿಯವರಿಗೆ, ತಗಡಿನ ಮನೆಯವರಿಗೆ ಇದಕ್ಕಿಂತ ಬೇಗ ಸಿಗುವ ಪರಿಹಾರ ಕಡಿಮೆ.

ರಸ್ತೆಯ ವಿಷಯ ಬೇರೆ. ಅಮೆರಿಕದ ಫೀನಿಕ್ಸ್ ನಗರ 2020ರಲ್ಲಿ ತಿಳಿಬಣ್ಣದ ರಸ್ತೆಗಳನ್ನು ಪರೀಕ್ಷಿಸಿತು. ರಸ್ತೆಯ ಮೇಲ್ಮೈಯೇನೋ ತಣ್ಣಗಾಯಿತು. ಆದರೆ ನೆಲದಿಂದ ಚಿಮ್ಮಿದ ಬಿಸಿಲು ಅಲ್ಲಿ ನಡೆಯುವವರ ಮೈಮೇಲೇ ಬಿದ್ದು, ಮಧ್ಯಾಹ್ನ ಅವರಿಗೆ ತಾಗುವ ಕಾವು ಹೆಚ್ಚಿತು. ಜನ ನಡೆಯುವ ಕಡೆ ನೆರಳೇ ಬೇಕು. ಯಾರೂ ನಡೆಯದ ವಿಶಾಲ ಪಾರ್ಕಿಂಗ್ ಜಾಗಕ್ಕೆ ಬೇಕಾದರೆ ತಿಳಿಬಣ್ಣ ಹಾಕಿ.

ಎಲ್ಲರೂ ಎಸಿ ಹಾಕಿಸಿಕೊಂಡರೆ ಮುಗೀತಲ್ವಾ?

ಎಸಿ ಬಿಸಿಯನ್ನು ಇಲ್ಲವಾಗಿಸುವುದಿಲ್ಲ, ಹೊರಗೆ ಎಸೆಯುತ್ತದೆ. ಸಾಮಾನ್ಯ ಯಂತ್ರ ಕೋಣೆಯಿಂದ 3 ಪಾಲು ಬಿಸಿ ತೆಗೆಯಲು 1 ಪಾಲು ವಿದ್ಯುತ್ ತಿಂದು, 4 ಪಾಲನ್ನು ಬೀದಿಗೆ ಬಿಡುತ್ತದೆ. ಬೀದಿ ಬಿಸಿಯಾದಷ್ಟೂ ಎಸಿ ಇಲ್ಲದವರ ಮನೆ ಕಾಯುತ್ತದೆ. ಕರೆಂಟು ಹೋದರೆ ಎಲ್ಲರದೂ ಅದೇ ಪಾಡು. ಹಾಗೆಂದು ಎಸಿಯೇ ಬೇಡವೆನ್ನಲು ಬರುವುದಿಲ್ಲ. ಹಸುಗೂಸು, ಮುದುಕರು, ರೋಗಿಗಳಿಗೆ ತೀರಾ ಕೆಟ್ಟ ದಿನಗಳಲ್ಲಿ ಜೀವ ಉಳಿಸುವುದು ಅದೇ. ಮೊದಲು ಕಿಟಕಿಗೆ ಹೊರಗಡೆಯಿಂದ ಮರೆ, ತಾರಸಿಗೆ ಲೇಪನ, ಎದುರುಬದುರು ಕಿಟಕಿ, ಫ್ಯಾನು. ಇಷ್ಟಾದ ಮೇಲೆ ಉಳಿದದ್ದಕ್ಕೆ ಚಿಕ್ಕ ಎಸಿ ಸಾಕಾಗುತ್ತದೆ. ಪರದೆ ಗಾಜಿನ ಒಳಗಿದ್ದರೆ ಅರ್ಧ ಕೆಲಸವೂ ಆಗದು, ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತದೆ.

ಬಿಸಿಗಾಳಿ ಬರುತ್ತೆ ಅಂತ ಗೊತ್ತಾದರೆ ನಗರಾಡಳಿತ ಏನು ಮಾಡಬೇಕು?

2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಬಿಸಿಗಾಳಿಯ ಕಾಲದಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾದವು. 2013ರಲ್ಲಿ ಆ ನಗರ ದಕ್ಷಿಣ ಏಷ್ಯಾದ ಮೊದಲ ಬಿಸಿಗಾಳಿ ಕ್ರಿಯಾಯೋಜನೆ ತಂದಿತು. ಅದರಲ್ಲಿ ಮೆಚ್ಚಬೇಕಾದ್ದು ಸರಳತೆ. ಮುನ್ಸೂಚನೆಯ ಉಷ್ಣಾಂಶಕ್ಕೆ ತಕ್ಕಂತೆ ಬಣ್ಣದ ಎಚ್ಚರಿಕೆ. ಒಂದೊಂದು ಬಣ್ಣಕ್ಕೂ ಯಾರು ಏನು ಮಾಡಬೇಕೆಂದು ಮೊದಲೇ ಬರೆದಿಟ್ಟದ್ದು. ಎಚ್ಚರಿಕೆ ಬಂದ ದಿನ ಸಭೆ ಕರೆದು ತೀರ್ಮಾನಿಸುವ ಗೋಜಿಲ್ಲ.

ಎಷ್ಟು ಡಿಗ್ರಿಗೆ ಎಚ್ಚರಿಕೆ ಕೊಡಬೇಕೆಂಬ ಮಿತಿಯನ್ನು ಬೇರೆ ಊರಿನಿಂದ ನಕಲು ಮಾಡಬೇಡಿ. ಕಳೆದ ಹತ್ತು ವರ್ಷದ ದಿನವಹಿ ಸಾವಿನ ಲೆಕ್ಕವನ್ನು ಅದೇ ದಿನಗಳ ಉಷ್ಣಾಂಶದ ಪಕ್ಕದಲ್ಲಿಟ್ಟು, ಸಾವು ಎಲ್ಲಿಂದ ಏರತೊಡಗುತ್ತದೆ ಎಂದು ನೋಡಿ. ತೇವ ಹೆಚ್ಚಿರುವ ಊರಿನಲ್ಲಿ ಆ ಮಿತಿ ಕೆಳಗಿರುತ್ತದೆ, ಏಕೆಂದರೆ ಬೆವರು ಆರುವುದಿಲ್ಲ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ಅಳತೆಯಲ್ಲಿ (ಬಿಸಿ, ತೇವ ಎರಡನ್ನೂ ಸೇರಿಸಿ ಹೇಳುವ ಅಳತೆ ಇದು) 35 ಡಿಗ್ರಿಯವರೆಗೂ ಮನುಷ್ಯ ತಾಳಬಲ್ಲ ಎಂದು ಬಹುಕಾಲ ಎಣಿಸಲಾಗಿತ್ತು. ಆರೋಗ್ಯವಂತ ಯುವಕರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ತೇವದ ವಾತಾವರಣದಲ್ಲಿ ಅದು 31ರ ಸುಮಾರಿಗೇ ಬಂತು. ರಾತ್ರಿಯ ಉಷ್ಣಾಂಶವನ್ನೂ ಲೆಕ್ಕಕ್ಕೆ ಹಿಡಿಯಿರಿ. ರಾತ್ರಿ ದಣಿವಾರದ ದೇಹ ಮಾರನೆಯ ದಿನವನ್ನು ತಡೆಯದು.

ಒಂಟಿಯಾಗಿ ಬದುಕುವ ವೃದ್ಧರ ಪಟ್ಟಿ ವಾರ್ಡಿನಲ್ಲಿ ಇರಲೇಬೇಕು. 1995ರ ಜುಲೈಯಲ್ಲಿ ಶಿಕಾಗೋದಲ್ಲಿ 700ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳ ಮಂದಿ ಕದ ಹಾಕಿಕೊಂಡು ಒಬ್ಬರೇ ಇದ್ದ ಮುದುಕರು. ಬಾಗಿಲು ತಟ್ಟಿ "ಹೇಗಿದ್ದೀರಿ?" ಎಂದು ಕೇಳಲು ನಿಜವಾಗಿ ಒಬ್ಬರು ಹೋಗಬೇಕು. ಎಸ್ಸೆಮ್ಮೆಸ್ ಅದರ ಜಾಗ ತುಂಬುವುದಿಲ್ಲ.

## ಮಳೆನೀರು

ದೊಡ್ಡ ಮೋರಿ ಕಟ್ಟಿಬಿಟ್ಟರೆ ನೀರು ನುಗ್ಗೋದು ನಿಲ್ಲಲ್ವಾ?

ಲೆಕ್ಕ ಹಾಕೋಣ. ಒಂದು ಹೆಕ್ಟೇರ್ ಪೂರ್ತಿ ಕಾಂಕ್ರೀಟು, ಗಂಟೆಗೆ 60 ಮಿ.ಮೀ. ವೇಗದ ಮಳೆ. ಬಿದ್ದದ್ದರಲ್ಲಿ 90 ಶೇಕಡಾ ಹರಿದರೆ ಸೆಕೆಂಡಿಗೆ 150 ಲೀಟರ್. ಅದೇ ಜಾಗ ಹುಲ್ಲುನೆಲವಾಗಿದ್ದು 20 ಶೇಕಡಾ ಹರಿದರೆ ಸೆಕೆಂಡಿಗೆ ಸುಮಾರು 33 ಲೀಟರ್. ಊರು ನೆಲ ಮುಚ್ಚುತ್ತಾ ಹೋದಂತೆ ನಿನ್ನೆ ಕಟ್ಟಿದ ಮೋರಿ ಇಂದಿಗೆ ಚಿಕ್ಕದಾಗುತ್ತದೆ. ಮೇಲಿನ ಬಡಾವಣೆಯ ಮೋರಿ ದೊಡ್ಡದು ಮಾಡಿದರೆ ನೀರು ಕೆಳಗಿನವರ ಮನೆಗೆ ಇನ್ನೂ ಬೇಗ ತಲುಪುತ್ತದೆ.

2011ರ ಜುಲೈ 2ರಂದು ಕೋಪನ್‌ಹೇಗನ್‌ನ ಕೆಲವೆಡೆ ಎರಡು ಗಂಟೆಯಲ್ಲಿ ಸುಮಾರು 150 ಮಿ.ಮೀ. ಸುರಿಯಿತು. ಮರುವರ್ಷ ಆ ನಗರ ತಂದ ಯೋಜನೆಯ ತಿರುಳು ಇದು: ನೂರು ವರ್ಷಕ್ಕೊಮ್ಮೆಯ ಮಳೆಯಲ್ಲೂ ಬೀದಿಯ ಮೇಲೆ 10 ಸೆಂ.ಮೀ.ಗಿಂತ ಹೆಚ್ಚು ನೀರು ನಿಲ್ಲಬಾರದು. ಅಂದರೆ 10 ಸೆಂ.ಮೀ. ನಿಲ್ಲಲಿ ಎಂದು ಒಪ್ಪಿಕೊಂಡದ್ದೇ ಅಲ್ಲಿನ ಜಾಣ್ಮೆ. ಸಣ್ಣ ಮಳೆ ಮೋರಿಗೆ, ದೊಡ್ಡ ಮಳೆ ಬೀದಿ, ಮೈದಾನ, ಉದ್ಯಾನಗಳಿಗೆ. ರೊಟರ್‌ಡಾಮ್‌ನ ಬೆಂಥೆಮ್‌ಪ್ಲೈನ್ ಚೌಕ (2013) ಒಣ ದಿನಗಳಲ್ಲಿ ಆಟದ ಅಂಗಳ. ಮಳೆ ಬಂದಾಗ ಸುಮಾರು 17 ಲಕ್ಷ ಲೀಟರ್ ಹಿಡಿದಿಟ್ಟುಕೊಳ್ಳುವ ತೊಟ್ಟಿ. ವರ್ಷದಲ್ಲಿ ಕೆಲವೇ ದಿನ ಬೇಕಾದ ಜಾಗವನ್ನು ಉಳಿದ ದಿನ ಮಕ್ಕಳಿಗೆ ಬಿಟ್ಟುಕೊಡುವ ಈ ಬಗೆಯ ವಿನ್ಯಾಸ ನಮಗೆ ಬಹಳ ಇಷ್ಟ. ಒಂದೇ ಎಚ್ಚರಿಕೆ: ಒಳಚರಂಡಿಯ ಕೊಳಚೆ ಮಳೆನೀರಿಗೆ ಸೇರುವ ಊರಿನಲ್ಲಿ ಮೊದಲು ಅದನ್ನು ಬೇರ್ಪಡಿಸಬೇಕು. ಇಲ್ಲವಾದರೆ ಮಕ್ಕಳ ಅಂಗಳಕ್ಕೆ ಬರುವುದು ಮಳೆನೀರಲ್ಲ.

ರಸ್ತೆಬದಿ ಮಳೆತೋಟ ಮಾಡೋದು ಹೇಗೆ? ಸೊಳ್ಳೆ ಆಗಲ್ವಾ?

ಮಳೆತೋಟ ಎಂದರೆ ರಸ್ತೆ, ತಾರಸಿಯ ಮಳೆನೀರನ್ನು ತಗ್ಗಿನಲ್ಲಿ ಹಿಡಿದು ಇಂಗಿಸುವ ಗಿಡಗಳ ಪಾತಿ. ನೀರು ಬರುವ ರಸ್ತೆ, ತಾರಸಿಯ ವಿಸ್ತೀರ್ಣದ ಸುಮಾರು 5 ಶೇಕಡಾ ಜಾಗ ಬೇಕು. ಮೊದಲು ನೆಲದ ಪರೀಕ್ಷೆ. ಒಂದಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೋಡಿ ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೆ ತುಂಬಿ ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಅಳೆಯಿರಿ. ಮೊದಲ ಸಲದ ಅಳತೆ ನಂಬಬೇಡಿ, ಒಣ ಮಣ್ಣು ಆತುರದಲ್ಲಿ ಕುಡಿಯುತ್ತದೆ. ಗಂಟೆಗೆ 13 ಮಿ.ಮೀ.ಗಿಂತ ಕಡಿಮೆ ಇಳಿದರೆ ತಳದಲ್ಲಿ ತೂತಿನ ಪೈಪು ಹಾಕಿ ಮೋರಿಗೆ ಜೋಡಿಸಬೇಕು.

ಪದರಗಳು ಕೆಳಗಿನಿಂದ ಹೀಗೆ: 20ರಿಂದ 30 ಸೆಂ.ಮೀ. ತೊಳೆದ ಜಲ್ಲಿ, ಅದರ ಮೇಲೆ ಒಂದು ತೆಳು ಪದರ ಸಣ್ಣ ಜಲ್ಲಿ, ಆಮೇಲೆ 60 ಸೆಂ.ಮೀ. ಮಿಶ್ರಣ (ಅರ್ಧಕ್ಕಿಂತ ಹೆಚ್ಚು ಮರಳು, ಉಳಿದದ್ದು ಮೇಲ್ಮಣ್ಣು, ಕಾಂಪೋಸ್ಟ್). ಮೇಲೆ ನೀರು ನಿಲ್ಲಲು 15 ಸೆಂ.ಮೀ. ತಗ್ಗು. ಅದಕ್ಕಿಂತ ಹೆಚ್ಚಾದದ್ದು ಹರಿದುಹೋಗಲು ಪೈಪಿನ ಬಾಯಿ ಅದೇ ಎತ್ತರದಲ್ಲಿ. ಜಲ್ಲಿಗೂ ಮಣ್ಣಿಗೂ ನಡುವೆ ಬಟ್ಟೆಯಂಥ ಸೋಸುಹಾಳೆ ಹಾಕಬೇಡಿ, ಬೇಗ ಕಟ್ಟಿಕೊಳ್ಳುತ್ತದೆ.

ಸೊಳ್ಳೆ ಮೊಟ್ಟೆಯಿಂದ ಹಾರುವಷ್ಟಾಗಲು ಸುಮಾರು ಒಂದು ವಾರ ಬೇಕು. ಮಳೆತೋಟ ಒಂದೆರಡು ದಿನದಲ್ಲಿ ಒಣಗಲೇಬೇಕು. ಮೂರು ದಿನವಾದರೂ ನೀರಿದ್ದರೆ ತೋಟ ಕೆಟ್ಟಿದೆ ಎಂದು ತಿಳಿಯಿರಿ.

ಕೆಡುವುದು ಸಾಮಾನ್ಯವಾಗಿ ನೀರು ಒಳಬರುವ ಬಾಯಿಯಲ್ಲಿ. ರಸ್ತೆಯಂಚಿನ ಕಲ್ಲು ಕತ್ತರಿಸಿ ಬಿಟ್ಟ ಅರ್ಧ ಮೀಟರ್ ದಾರಿಯಲ್ಲಿ ಮೊದಲ ಮಳೆಗೆ ಮರಳು, ಎಲೆ, ಪ್ಲಾಸ್ಟಿಕ್ ಬಂದು ಕೂರುತ್ತದೆ. ಅದರ ಮೇಲೆ ಹುಲ್ಲು ಹುಟ್ಟಿ ಬೆರಳೆತ್ತರದ ದಿಣ್ಣೆಯಾಗುತ್ತದೆ. ಅಷ್ಟೇ ಸಾಕು, ನೀರು ಪಕ್ಕದಿಂದಲೇ ಸಾಗಿಬಿಡುತ್ತದೆ, ಒಳಗಿನ ತೋಟ ಒಣಗಿ ನಿಲ್ಲುತ್ತದೆ. ಬಾಯಿಯಿಂದ ಒಳಗೆ 5 ಸೆಂ.ಮೀ. ಇಳಿಜಾರು ಕೊಟ್ಟು, ಅಲ್ಲಿ ಸಲಿಕೆ ಆಡುವಷ್ಟು ಕಲ್ಲುಹಾಸಿನ ಗುಳಿ ಮಾಡಿ. ಹೂಳು ಅಲ್ಲೇ ನಿಲ್ಲುತ್ತದೆ, ಎತ್ತಿಹಾಕುವುದೂ ಸುಲಭ. ಇನ್ನೊಂದು ತಪ್ಪು, ಹೂದೋಟದ ಅಭ್ಯಾಸದಿಂದ ಮಣ್ಣನ್ನು ರಸ್ತೆಗಿಂತ ಎತ್ತರಕ್ಕೆ ಗುಡ್ಡೆ ಮಾಡುವುದು. ಗುತ್ತಿಗೆದಾರರಿಗೆ ನಕ್ಷೆ ಕೊಟ್ಟರೆ ಸಾಲದು, ರಸ್ತೆಯಿಂದ ಎಷ್ಟು ಕೆಳಗೆ ಎಂದು ಗೂಟ ನೆಟ್ಟು ತೋರಿಸಿ.

ನೀರು ಇಂಗುವ ಹಾಸುಗಲ್ಲು ಹಾಕಿಸಿದೆವು, ಎರಡೇ ವರ್ಷಕ್ಕೆ ನೀರು ನಿಲ್ತಿದೆ. ಏನು ತಪ್ಪು?

ಸಂದುಗಳಲ್ಲಿ ದೂಳು ಕಟ್ಟಿದೆ. ಪಕ್ಕದಲ್ಲಿ ಬರಿಮಣ್ಣಿನ ಜಾಗವಿದ್ದು ಅಲ್ಲಿನ ಕೆಸರು ಇದರ ಮೇಲೆ ಹರಿಯುತ್ತಿರಬಹುದು, ಅಥವಾ ಯಾರೋ ಇದರ ಮೇಲೇ ಸಿಮೆಂಟು ಕಲಸಿರಬಹುದು. ವರ್ಷಕ್ಕೆ ಎರಡು ಸಲ ಹೀರುವ ಯಂತ್ರದಿಂದ ಗುಡಿಸಬೇಕು. ಪೊರಕೆಯಲ್ಲಿ ಗುಡಿಸಿದರೆ ದೂಳು ಇನ್ನೂ ಒಳಕ್ಕೆ ಹೋಗುತ್ತದೆ. ಸಂದಿನ ಮೇಲಿನ ಒಂದೆರಡು ಸೆಂ.ಮೀ. ಜಲ್ಲಿ ತೆಗೆದು ಹೊಸದು ತುಂಬಿದರೆ ಬಹಳಷ್ಟು ಸಲ ಸರಿಹೋಗುತ್ತದೆ. ಅಲ್ಲಿ ಮರಳು ಬೇಡ.

ಹಳ್ಳಕ್ಕೆ ಹಾಕಿದ ಕಾಂಕ್ರೀಟನ್ನು ಕಿತ್ತುಹಾಕಬೇಕಾ?

ಜಾಗವಿದ್ದರೆ ಹೌದು. ಸಿಂಗಾಪುರದ ಬಿಶಾನ್ ಉದ್ಯಾನದಲ್ಲಿ 2.7 ಕಿ.ಮೀ. ನೇರ ಕಾಂಕ್ರೀಟ್ ಕಾಲುವೆಯನ್ನು 2012ರ ಹೊತ್ತಿಗೆ ಸುಮಾರು 3 ಕಿ.ಮೀ. ಅಂಕುಡೊಂಕಿನ ಹೊಳೆಯಾಗಿ ಮಾಡಿದರು. ಒಣ ದಿನ ಜನ ದಡದಲ್ಲಿ ಕೂರುತ್ತಾರೆ, ಮಳೆ ಬಂದರೆ ಹೊಳೆ ಉದ್ಯಾನದೊಳಕ್ಕೆ ಹರಡಿಕೊಳ್ಳುತ್ತದೆ. ಹರಡಲು ಇಕ್ಕೆಲದಲ್ಲೂ ಜಾಗವಿಲ್ಲದೆ ಕಾಂಕ್ರೀಟು ಮಾತ್ರ ತೆಗೆದರೆ ದಡ ಕೊಚ್ಚಿಹೋಗುತ್ತದೆ. ನೀರು ಏರುವಾಗ ಜನ ಹೊರಬರಲು ಸೈರನ್ನು, ಕಣ್ಣಿಗೆ ಕಾಣುವ ಗುರುತುಗಂಬ ಎರಡೂ ಬೇಕು.

## ಮನೆ, ಬಾಡಿಗೆ, ಓಡಾಟ

ಒತ್ತೊತ್ತಾಗಿ ಕಟ್ಟಿದರೆ ಬಿಸಿ, ಹರಡಿ ಕಟ್ಟಿದರೆ ಕಾರು ಬೇಕು. ಯಾವುದು ಸರಿ?

ಹತ್ತಿರ ಹತ್ತಿರ ಕಟ್ಟಿ, ಆದರೆ ಗಾಳಿಯ ದಾರಿ ಬಿಡಿ. ಜರ್ಮನಿಯ ಸ್ಟುಟ್‌ಗಾರ್ಟ್ ಬೋಗುಣಿಯಂಥ ಕಣಿವೆಯಲ್ಲಿದೆ. ರಾತ್ರಿ ಸುತ್ತಲ ಗುಡ್ಡಗಳಿಂದ ತಣ್ಣನೆಯ ಗಾಳಿ ಇಳಿಯುವ ದಾರಿಗಳನ್ನು ಗುರುತಿಸಿ, ಅಲ್ಲಿ ಕಟ್ಟಡ ಏಳದಂತೆ ನಗರದ ನಕ್ಷೆಯಲ್ಲೇ ಕಾಯ್ದುಕೊಂಡು ಬಂದಿದ್ದಾರೆ. ಕಟ್ಟಡ ಎದ್ದ ಮೇಲೆ ಈ ದಾರಿಯನ್ನು ಮತ್ತೆ ತೆರೆಯುವುದು ಆಗದ ಮಾತು.

ಒಳ್ಳೆ ಉದ್ಯಾನ ಬಂತು, ಬಾಡಿಗೆ ಏರಿತು. ಮೊದಲಿಂದ ಇದ್ದವರು ಎಲ್ಲಿಗೆ ಹೋಗ್ಬೇಕು?

ಇದು ನಿಜವಾದ ತೊಂದರೆ. ನೆರಳು ಬೇಕಿದ್ದವರೇ ನೆರಳಿನ ಬೆಲೆ ತೆರಲಾಗದೆ ಹೊರಟುಹೋದರೆ ಯೋಜನೆ ಸೋತಿತು ಎಂದೇ ಹೇಳಬೇಕು. ಕೆಲಸ ಶುರುವಾಗುವ ಮುಂಚೆಯೇ ಬಾಡಿಗೆ ರಕ್ಷಣೆ, ಹಕ್ಕುಪತ್ರ, ಸಾರ್ವಜನಿಕ ವಸತಿಯ ಪಾಲು ಗಟ್ಟಿಯಾಗಬೇಕು, ಉದ್ಯಾನ ತೆರೆದ ಮೇಲೆ ತಡವಾಯಿತು. ಸ್ವೀಡನ್ನಿನ ಮಾಲ್ಮೊ ನಗರದ ಆಗುಸ್ಟೆನ್‌ಬೋರ್ಗ್ ಬಡಾವಣೆಯಲ್ಲಿ 1998ರಿಂದ ತೆರೆದ ಕಾಲುವೆ, ಕೊಳ, ಹಸಿರು ತಾರಸಿಗಳನ್ನು ಮಾಡಿದರು. ಅಲ್ಲಿನ ಮನೆಗಳು ಬಹುಪಾಲು ನಗರದ ವಸತಿ ಸಂಸ್ಥೆಯವೇ. ಒಂದೇ ದೊಡ್ಡ ಉದ್ಯಾನಕ್ಕಿಂತ ಹತ್ತಾರು ಬೀದಿಗೆ ಹಂಚಿದ ಮರಗಳು ಬಾಡಿಗೆಯನ್ನು ಅಷ್ಟಾಗಿ ಏರಿಸುವುದಿಲ್ಲ ಎಂಬುದು ನಮ್ಮ ಅನಿಸಿಕೆ.

## ಯೋಜನೆ ಮಾಡುವವರಿಗೆ

ಸಮುದ್ರ ಎಷ್ಟು ಏರುತ್ತೆ ಅಂತ ಖಚಿತ ಇಲ್ಲದೆ ಯೋಜನೆ ಹೇಗೆ ಮಾಡೋದು?

ಒಂದೇ ಅಂಕಿಗೆ ಗಂಟು ಬೀಳಬೇಡಿ. ಲಂಡನ್ನಿನ ಥೇಮ್ಸ್ ನದಿಮುಖಕ್ಕೆ 2012ರಲ್ಲಿ ಬಂದ ಯೋಜನೆ 2100ರವರೆಗಿನ ಹಲವು ದಾರಿಗಳನ್ನು ಒಟ್ಟಿಗೆ ಬರೆದಿಟ್ಟಿದೆ. ಸಮುದ್ರಮಟ್ಟ ಇಷ್ಟಾದರೆ ಈ ದಾರಿ, ಇನ್ನೂ ಏರಿದರೆ ಆ ದಾರಿ. ಯಾವುದನ್ನು ಅಳೆಯುತ್ತಿರಬೇಕು, ಕಟ್ಟಲು ಎಷ್ಟು ವರ್ಷ ಬೇಕು, ಹಾಗಾದರೆ ತೀರ್ಮಾನ ಯಾವಾಗ ಆಗಬೇಕು ಎಂದು ಹಿಂದಿನಿಂದ ಲೆಕ್ಕ. ಮುಂದೆ ಬೇಕಾಗಬಹುದಾದ ಜಾಗವನ್ನು ಮಾತ್ರ ಇಂದೇ ಕಾದಿರಿಸಬೇಕು.

ತಡೆಗೋಡೆ ಎತ್ತರಿಸಿದರೆ ಸುರಕ್ಷಿತ ಅಲ್ವಾ?

ಗೋಡೆ ಎದ್ದ ಮೇಲೆ ಅದರ ಹಿಂದೆ ಮನೆಗಳು ಏಳುತ್ತವೆ. ಗೋಡೆ ಮೀರುವ ನೀರು ಬಂದ ದಿನ ನಷ್ಟ ಮೊದಲಿಗಿಂತ ದೊಡ್ಡದು. ನೆದರ್‌ಲ್ಯಾಂಡ್ಸ್‌ನ ನೈಮೇಹನ್‌ನಲ್ಲಿ ವಾಲ್ ನದಿಯ ಏರಿಯನ್ನು 350 ಮೀಟರ್ ಹಿಂದಕ್ಕೆ ಸರಿಸಿ, ನೀರಿಗೆ ಇನ್ನೊಂದು ಕವಲು ತೋಡಿದರು. ನಡುವೆ ಉಳಿದ ನಡುಗಡ್ಡೆ ಇಂದು ಉದ್ಯಾನ. ಅದಕ್ಕಾಗಿ ಕೆಲವು ಮನೆಗಳನ್ನು ಬಿಡಿಸಬೇಕಾಯಿತು ಎನ್ನುವುದನ್ನೂ ಮರೆಮಾಚಬಾರದು. ಕರಾವಳಿ ನಗರಗಳಲ್ಲಿ ಅಂತರ್ಜಲವನ್ನೂ ನೋಡಿ. ಟೋಕಿಯೋದ ಕೆಲವು ಭಾಗಗಳು ಬೋರ್‌ವೆಲ್ ಎತ್ತುವಳಿಯಿಂದ 4 ಮೀಟರಿಗೂ ಹೆಚ್ಚು ಕುಸಿದಿದ್ದವು. ಎತ್ತುವಳಿಗೆ ಕಡಿವಾಣ ಬಿದ್ದ ಮೇಲೆ 1970ರ ದಶಕದಲ್ಲಿ ಕುಸಿತ ಬಹುಮಟ್ಟಿಗೆ ನಿಂತಿತು. ನೆಲವೇ ಇಳಿಯುತ್ತಿರುವಾಗ ಗೋಡೆ ಏರಿಸುತ್ತಾ ಹೋಗುವುದು ತೀರದ ಕೆಲಸ.

ಇದಕ್ಕೆಲ್ಲ ದುಡ್ಡು ಎಲ್ಲಿಂದ?

ಜರ್ಮನಿಯ ಹಲವು ನಗರಗಳು, ಅಮೆರಿಕದ ಫಿಲಡೆಲ್ಫಿಯಾ ಮಳೆನೀರಿಗೆ ಪ್ರತ್ಯೇಕ ಶುಲ್ಕ ಹಾಕುತ್ತವೆ. ನಿವೇಶನದಲ್ಲಿ ನೀರು ಇಂಗದ ನೆಲ ಎಷ್ಟಿದೆಯೋ ಅದರ ಮೇಲೆ ಲೆಕ್ಕ, ಇಂಗಿಸಿದರೆ ರಿಯಾಯಿತಿ. ದೊಡ್ಡ ಪಾರ್ಕಿಂಗ್ ಜಾಗದವರು ಹೆಚ್ಚು ಕೊಡುತ್ತಾರೆ, ಚಿಕ್ಕ ಮನೆಯವರು ಕಡಿಮೆ. ಇನ್ನೊಂದು ದಾರಿ, ರಸ್ತೆ ಹೇಗೂ ಅಗೆಯುವಾಗಲೇ ಮರದ ಕಂದಕ, ಮಳೆತೋಟವನ್ನೂ ಸೇರಿಸಿಬಿಡುವುದು. ಬೇರೆಯಾಗಿ ಅಗೆದರೆ ಅಗೆಯುವ, ಮುಚ್ಚುವ ಖರ್ಚು ಎರಡು ಸಲ. ನಿರ್ವಹಣೆಗೆ ಬಜೆಟ್‌ನಲ್ಲಿ ಬೇರೆ ಸಾಲು ಇಲ್ಲದಿದ್ದರೆ ಕಟ್ಟಲು ಹೊರಡಬೇಡಿ.

ನಮ್ಮದು ಸಣ್ಣ ನಗರ, ಇಬ್ಬರೇ ಇಂಜಿನಿಯರು. ಎಲ್ಲಿಂದ ಶುರು ಮಾಡೋಣ?

ದೊಡ್ಡ ಮಳೆಯಲ್ಲಿ ಕೊಡೆ ಹಿಡಿದು ಹೊರಡಿ. ನೀರು ಎಲ್ಲಿಂದ ಬಂತು, ಎಲ್ಲಿ ನಿಂತಿತು, ಯಾವ ಮೋರಿಯ ಬಾಯಿ ಕಟ್ಟಿತು ಎಂದು ಫೋನಿನಲ್ಲಿ ಸಮಯದ ಸಮೇತ ಚಿತ್ರ ಹಿಡಿಯಿರಿ. ಮಳೆ ನಿಂತ ಮೇಲೆ ಗೋಡೆಗಳಲ್ಲಿ ಉಳಿದ ಕೆಸರಿನ ಗೆರೆಯ ಎತ್ತರ ಅಳೆದು, ಅಲ್ಲೇ ಕಂಬಕ್ಕೆ ಬಣ್ಣದ ಗುರುತು ಹಾಕಿ. ಬೇಸಿಗೆಯಲ್ಲಿ ಮಧ್ಯಾಹ್ನ 2ರಿಂದ 4ರವರೆಗೆ ಜನ ಕಾಲ್ನಡಿಗೆಯಲ್ಲಿ ಓಡಾಡುವ ದಾರಿಗಳಲ್ಲಿ ನಡೆದು, ನೆರಳು ತಪ್ಪಿದ ಉದ್ದವನ್ನು ನಕ್ಷೆಯಲ್ಲಿ ಕೆಂಪು ಮಾಡಿ. ಎರಡೂ ನಕ್ಷೆ ಒಂದರ ಮೇಲೊಂದು ಇಟ್ಟಾಗ ನೀರೂ ನಿಲ್ಲುವ, ನೆರಳೂ ಇಲ್ಲದ ಮೂರು ಬೀದಿಗಳು ಸಿಕ್ಕೇ ಸಿಗುತ್ತವೆ. ಮೊದಲ ವರ್ಷ ಆ ಮೂರನ್ನಷ್ಟೇ ಹಿಡಿಯಿರಿ. ಹೂಳು ತೆಗೆಯುವವರ ಹೆಸರು, ತಿಂಗಳು, ಸಲಕರಣೆಯನ್ನು ಕೆಲಸದ ಆದೇಶದಲ್ಲೇ ಬರೆಸಿ. ಮುಂದಿನ ದೊಡ್ಡ ಮಳೆಯ ಮಾರನೆಯ ಬೆಳಿಗ್ಗೆ ಅದೇ ಕಂಬಗಳ ಬಳಿ ಹೋಗಿ, ಕೆಸರಿನ ಹೊಸ ಗೆರೆ ಹಳೆಯ ಗುರುತಿಗಿಂತ ಎಷ್ಟು ಕೆಳಗಿದೆ ಎಂದು ಅಳೆದು ಬರೆದಿಡಿ.